ಅವರ ಸಾವನ್ನ ಯಾರು ಎಣಿಸ್ತಾರೆ?

ಎಲ್ರಿಗೂ ನಮಸ್ಕಾರ. ನಾನು ಸೈನಿಕ ಅಲ್ಲ, ಯುದ್ಧ ಕಣ್ಣಾರೆ ಕಂಡೋನೂ ಅಲ್ಲ. ಯುದ್ಧ ನಡೀತಿರುವಾಗ ಮನೇಲಿ ಕೂತಿರೋ ಜನ ಏನು ಅಂದ್ಕೋತಾರೆ, ಯಾಕೆ ಹಾಗೆ ಅಂದ್ಕೋತಾರೆ ಅನ್ನೋದನ್ನ ತುಂಬಾ ವರ್ಷದಿಂದ ಓದ್ತಾ ಬಂದಿದೀನಿ, ಇವತ್ತು ಅಷ್ಟನ್ನೇ ಮಾತಾಡ್ತೀನಿ.

1982ರ ಮೇ 2. ಫಾಕ್‌ಲ್ಯಾಂಡ್ ದ್ವೀಪಗಳಿಗೋಸ್ಕರ ಬ್ರಿಟನ್ನಿಗೂ ಅರ್ಜೆಂಟೀನಾಗೂ ಯುದ್ಧ. ಬ್ರಿಟನ್ನಿನ ಸಬ್‌ಮರೀನ್ ಒಂದು ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೋ ಅನ್ನೋ ಯುದ್ಧನೌಕೆಗೆ ಟಾರ್ಪಿಡೋ ಹೊಡೀತು. ಲಂಡನ್ನಿನ ಸನ್ ಪತ್ರಿಕೆ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಒಂದೇ ಒಂದು ಪದ ಹಾಕ್ತು, 'ಗಾಚಾ', ಅಂದ್ರೆ 'ಸಿಕ್ಕಿಬಿದ್ಯಾ' ಅಂತ. ಆಮೇಲೆ ಹಡಗಲ್ಲಿದ್ದ ತುಂಬಾ ಜನ ಸತ್ತಿರಬಹುದು ಅಂತ ಸುದ್ದಿ ಬರೋಕೆ ಶುರುವಾಯ್ತು, ಮುಂದಿನ ಎಡಿಷನ್‌ಗಳಲ್ಲಿ ಆ ಹೆಡ್‌ಲೈನ್ ತೆಗೆದುಬಿಟ್ರು. ಸತ್ತೋರು 323 ಜನ. ಇಡೀ ಯುದ್ಧದಲ್ಲಿ ಅರ್ಜೆಂಟೀನಾ ಕಡೆ ಸತ್ತದ್ದು 649, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಈ ಒಂದು ಹಡಗಲ್ಲೇ.

ಈ ಘಟನೆಯನ್ನ ಸಾಮಾನ್ಯವಾಗಿ ಪತ್ರಿಕೆಯನ್ನ ಬೈಯ್ಯೋಕೆ ಬಳಸ್ತಾರೆ. ನನಗೆ ಮುಖ್ಯ ಅನ್ಸೋದು ಬೇರೆ. ಅದೇ ಆಫೀಸು, ಅದೇ ಜನ, ನಡುವೆ ಇದ್ದದ್ದು ಕೆಲವೇ ಗಂಟೆ. ಹಡಗು ಮುಳುಗ್ತು ಅಂದಾಗ ಖುಷಿ ಬಂತು, ಹಡಗಲ್ಲಿದ್ದ ಹುಡುಗರೂ ಮುಳುಗಿದ್ರು ಅಂತ ಗೊತ್ತಾದಾಗ ಕೈ ತಡೀತು. ಅಂದ್ರೆ ಶತ್ರು ಸಾವಿನ ಬಗ್ಗೆ ನಮ್ಮ ಮನಸ್ಸು ಕಲ್ಲಾಗಿದೆ ಅಂತಲ್ಲ, ಬಹಳ ಸಲ ಆ ಸಾವು ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ದೂರದ ಬೆಟ್ಟ ನುಣ್ಣಗೆ ಅಂತೀವಲ್ಲ, ದೂರದ ಯುದ್ಧನೂ ಹಾಗೇ ನುಣ್ಣಗೆ ಕಾಣುತ್ತೆ.

ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕನ್ನರಿಗೆ ವಾಷಿಂಗ್ಟನ್‌ನಲ್ಲಿ ಒಂದು ಸ್ಮಾರಕ ಇದೆ, 1982ರಲ್ಲಿ ಕಟ್ಟಿದ್ದು. ಮಾಯಾ ಲಿನ್ ಅನ್ನೋ ಹುಡುಗಿ ಇನ್ನೂ ಕಾಲೇಜಲ್ಲಿ ಓದ್ತಿರುವಾಗ ಅದರ ಡಿಸೈನ್ ಮಾಡಿದ್ದು. ಕನ್ನಡಿ ಥರ ಹೊಳೆಯೋ ಕಪ್ಪು ಗ್ರಾನೈಟಿನ ಎರಡು ಗೋಡೆ, ಒಂದೊಂದೂ ಸುಮಾರು 75 ಮೀಟರ್ ಉದ್ದ, ಅದರ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರು. ಓದೋಕೆ ನಿಂತ್ರೆ ಹೆಸರುಗಳ ಹಿಂದೆ ನಿಮ್ಮ ಮುಖಾನೇ ಕಾಣುತ್ತೆ. ಮನೆಯವರು ಬಂದು ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್‌ನಲ್ಲಿ ಉಜ್ಜಿ ಆ ಅಕ್ಷರದ ಅಚ್ಚು ತಗೊಂಡು ಹೋಗ್ತಾರೆ. ನನಗೆ ಆ ಗೋಡೆ ಬಗ್ಗೆ ತುಂಬಾ ಗೌರವ ಇದೆ, ಯಾಕಂದ್ರೆ ಅದರಲ್ಲಿ ಜಂಬ ಇಲ್ಲ, ಗೆದ್ದೆವು ಅನ್ನೋ ಮಾತಿಲ್ಲ, ಹೆಸರು ಮಾತ್ರ.

ಆದ್ರೆ ಅದೇ ಯುದ್ಧದಲ್ಲಿ ಸತ್ತ ವಿಯೆಟ್ನಾಮಿನವರು ಎಷ್ಟು? ಅಲ್ಲಿನ ಸರ್ಕಾರ 1995ರಲ್ಲಿ ಕೊಟ್ಟ ಅಂದಾಜು ನಾಗರಿಕರು ಸುಮಾರು 20 ಲಕ್ಷ, ಅವರ ಕಡೆ ಹೋರಾಡಿದೋರು 11 ಲಕ್ಷ. ನಾನು ಒಂದ್ಸಲ ಕೂತು ಲೆಕ್ಕ ಹಾಕ್ದೆ, ಅಷ್ಟೇ ಒತ್ತೊತ್ತಾಗಿ ಅವರ ಹೆಸರನ್ನೂ ಕೆತ್ತಿದ್ರೆ ಗೋಡೆ ಎಂಟು ಕಿಲೋಮೀಟರ್ ಆಗುತ್ತೆ. ಒಂದು ಹೆಸರನ್ನೂ ಓದದೆ ಸುಮ್ನೆ ನಡ್ಕೊಂಡು ಹೋದ್ರೂ ಹತ್ತಿರ ಹತ್ತಿರ ಎರಡು ಗಂಟೆ ಬೇಕು. ಅಮೆರಿಕದಲ್ಲಿ ಆ ಯುದ್ಧದ ವಿರುದ್ಧ ಜನ ಬೀದಿಗೆ ಬಂದ್ರು ನಿಜ, ಅವರಲ್ಲಿ ವಿಯೆಟ್ನಾಮಿನ ಮಕ್ಕಳಿಗೋಸ್ಕರ ಅತ್ತೋರೂ ಇದ್ರು, ಆದ್ರೆ ಜಾನ್ ಮ್ಯುಲರ್ ಅನ್ನೋ ವಿದ್ವಾಂಸರು ಆಗಿನ ಪೋಲ್‌ಗಳನ್ನೆಲ್ಲ ಜೋಡಿಸಿ ನೋಡಿದಾಗ ಕಂಡದ್ದು ತಮ್ಮ ಸೈನಿಕರ ಸಾವಿನ ಸಂಖ್ಯೆ ಏರಿದ ಹಾಗೆ ಯುದ್ಧಕ್ಕೆ ಬೆಂಬಲ ಇಳೀತು ಅನ್ನೋದು. ಆ ಲೆಕ್ಕದಲ್ಲಿ ಪರದೇಶದ ಸಾವಿಗೆ ಜಾಗಾನೇ ಇಲ್ಲ.

2015ರಲ್ಲಿ ಸ್ಕಾಟ್ ಸೇಗನ್, ಬೆಂಜಮಿನ್ ವ್ಯಾಲೆಂಟಿನೋ ಅನ್ನೋ ಇಬ್ಬರು ಸಂಶೋಧಕರು ಅಮೆರಿಕನ್ನರ ಮುಂದೆ ಒಂದು ಕಲ್ಪನೆ ಇಟ್ರು. ಇರಾನ್ ಜೊತೆ ಯುದ್ಧ ನಡೀತಿದೆ, ಗೆಲ್ಲಬೇಕಾದ್ರೆ ಸೈನ್ಯ ಒಳಗೆ ನುಗ್ಗಬೇಕು, ನುಗ್ಗಿದ್ರೆ ನಮ್ಮವರು 20 ಸಾವಿರ ಸಾಯ್ತಾರೆ, ಇಲ್ಲಾಂದ್ರೆ ಒಂದು ಊರಿನ ಮೇಲೆ ಅಣುಬಾಂಬ್ ಹಾಕಬಹುದು. ಬಾಂಬ್ ಹಾಕಿದ್ರೆ 20 ಲಕ್ಷ ನಾಗರಿಕರು ಸಾಯ್ತಾರೆ ಅಂತ ಹೇಳಿ ಕೇಳಿದಾಗಲೂ ಸುಮಾರು ಶೇಕಡಾ 60 ಜನ ಸರ್ಕಾರ ಹಾಗೆ ಮಾಡಿದ್ರೆ ಒಪ್ತೀವಿ ಅಂದ್ರು. ಇದನ್ನ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದೆ. ಆದ್ರೆ ಆ ಅರವತ್ತು ಜನ ರಾಕ್ಷಸರಲ್ಲ. ಪಕ್ಕದ ಮನೆಯವರಿಗೆ ಜ್ವರ ಬಂದ್ರೆ ರಾತ್ರಿಯೆಲ್ಲಾ ಕೂತ್ಕೊಳ್ಳೋ ಜನಾನೇ, ಅವರ ಕಣ್ಮುಂದೆ 20 ಸಾವಿರ ಅಂದ್ರೆ ಮುಖ, 20 ಲಕ್ಷ ಅಂದ್ರೆ ಬರೀ ಅಂಕಿ. ಈ ಪ್ರಶ್ನೆಯನ್ನ ಬೇರೆ ದೇಶದಲ್ಲಿ ಕೇಳಿದ್ರೆ ಉತ್ತರ ಉಲ್ಟಾ ಆಗುತ್ತೆ ಅನ್ನೋ ನಂಬಿಕೆ ನನಗಿಲ್ಲ.

ಹಾಗಾದ್ರೆ ಮನಸ್ಸು ಬದಲಾಗೋದು ಯಾವಾಗ? ಯುದ್ಧ ಮನೆ ಬಾಗಿಲಿಗೆ ಬಂದಾಗ, ಕೆಲವು ಸಲ ಬರಬಹುದು ಅಂತ ಅನ್ಸಿದ್ರೂ ಸಾಕು. 1969ರ ಡಿಸೆಂಬರ್ 1ರ ರಾತ್ರಿ ಅಮೆರಿಕದಲ್ಲಿ ಸೈನ್ಯಕ್ಕೆ ಯಾರು ಮೊದಲು ಹೋಗಬೇಕು ಅಂತ ಲಾಟರಿ ಎತ್ತಿದ್ರು, ಟಿವಿಯಲ್ಲಿ ನೇರ ಪ್ರಸಾರ. ಒಂದು ದೊಡ್ಡ ಗಾಜಿನ ಪಾತ್ರೆ, ಅದರೊಳಗೆ 366 ನೀಲಿ ಪ್ಲಾಸ್ಟಿಕ್ ಗುಳಿಗೆ, ಒಂದೊಂದರಲ್ಲೂ ಒಂದೊಂದು ಹುಟ್ಟಿದ ತಾರೀಖು. ಮೊದಲು ಬಂದದ್ದು ಸೆಪ್ಟೆಂಬರ್ 14. ಆವತ್ತು ಹುಟ್ಟಿದ ಹುಡುಗರು ಟಿವಿ ಮುಂದೆ ಕೂತಿದ್ರೆ ಅವರ ಹೊಟ್ಟೆ ಹೇಗೆ ಕಲಸಿರಬೇಡ, ಅವರ ತಾಯಂದಿರ ಮುಖ ಹೇಗಾಗಿರಬೇಡ, ಯೋಚ್ನೆ ಮಾಡಿ. ವರ್ಷಗಳಾದ ಮೇಲೆ ಎರಿಕ್ಸನ್, ಸ್ಟೋಕರ್ ಅನ್ನೋ ಸಂಶೋಧಕರು ಆ ಪೀಳಿಗೆಯ ಜನರನ್ನ ಅಭ್ಯಾಸ ಮಾಡಿದ್ರು, ಕಾಲೇಜಿಗೆ ಹೋಗೋ ಅಂದಾಜಲ್ಲಿದ್ದ ಹುಡುಗರಲ್ಲಿ ಚಿಕ್ಕ ನಂಬರ್ ಬಂದಿದ್ದೋರು, ಅಂದ್ರೆ ಮೊದಲು ಹೋಗಬೇಕಾದ ಸರದಿಯಲ್ಲಿದ್ದೋರು, ದೊಡ್ಡ ನಂಬರ್ ಬಂದೋರಿಗಿಂತ ಯುದ್ಧದ ವಿರುದ್ಧ ಹೆಚ್ಚು ತಿರುಗಿದ್ರು, ಆ ಗುರುತು ದಶಕಗಳಾದ್ರೂ ಅಳಿಸಿರಲಿಲ್ಲ. ನಂಬರ್ ಬಂದಿದ್ದು ಬರೀ ಅದೃಷ್ಟದಿಂದ. 1973ರಲ್ಲಿ ಈ ಕಡ್ಡಾಯ ಸೇವೆ ನಿಂತುಹೋಯ್ತು. ಆಮೇಲೆ ಹೆಚ್ಚಿನ ಮನೆಗಳಿಗೆ ಯುದ್ಧ ಅನ್ನೋದು ಬೇರೆಯವರ ಮಕ್ಕಳು ಮಾಡೋ ಕೆಲಸ ಆಯ್ತು.

ಇದನ್ನ ಕೇಳಿ ಕೆಲವರು, ಹಾಗಾದ್ರೆ ಎಲ್ಲಾ ದೇಶಗಳೂ ಸೈನ್ಯ ಇಟ್ಕೊಳ್ಳೋದೇ ತಪ್ಪು ಅಂತ ನೀವು ಹೇಳ್ತಿದೀರಾ ಅಂತಾರೆ. ನಾನು ಹಾಗೆ ಹೇಳಲ್ಲ. ಫಿನ್ಲೆಂಡ್ ನೋಡಿ. ರಷ್ಯಾ ಜೊತೆ 1,340 ಕಿಲೋಮೀಟರ್ ಗಡಿ, 1939ರ ಚಳಿಗಾಲದಲ್ಲಿ ಸೋವಿಯತ್ ಸೈನ್ಯ ನುಗ್ಗಿದಾಗ ಮೂರೂವರೆ ತಿಂಗಳಲ್ಲಿ ಸುಮಾರು 25 ಸಾವಿರ ಜನ ಸತ್ತ ನೆನಪು. ಅಲ್ಲಿ ಗಂಡಸರಿಗೆ ಸೈನಿಕ ತರಬೇತಿ ಕಡ್ಡಾಯ, ದೊಡ್ಡ ಕಟ್ಟಡ ಕಟ್ಟಬೇಕಾದ್ರೆ ಬಾಂಬ್ ಬಿದ್ರೆ ಅಡಗೋಕೆ ಜಾಗ ಮಾಡಲೇಬೇಕು ಅಂತ ಕಾನೂನು, ಶಾಂತಿ ಕಾಲದಲ್ಲಿ ಆ ಜಾಗದಲ್ಲಿ ಸಾಮಾನು ಇಟ್ಕೋತಾರೆ, ಆಟ ಆಡ್ತಾರೆ. 2022ರ ಫೆಬ್ರವರಿಗೆ ಮುಂಚೆ ನ್ಯಾಟೋ ಸೇರಬೇಕು ಅನ್ನೋರು ಕಾಲು ಭಾಗದ ಆಸುಪಾಸಲ್ಲಿದ್ರು, ಉಕ್ರೇನ್ ಮೇಲೆ ದಾಳಿ ಆಯ್ತು, ಮೇ ತಿಂಗಳ ಹೊತ್ತಿಗೆ ಮುಕ್ಕಾಲು ಭಾಗ ಆದ್ರು. 2023ರ ಏಪ್ರಿಲ್ 4ಕ್ಕೆ ಸೇರಿಯೂ ಬಿಟ್ರು. ಇದನ್ನ ಯುದ್ಧದ ಹುಚ್ಚು ಅನ್ನೋಕಾಗಲ್ಲ, ಅದು ಪೆಟ್ಟು ತಿಂದೋರ ಎಚ್ಚರ.

ಪೆಟ್ಟು ಎಲ್ರಿಗೂ ಒಂದೇ ಪಾಠ ಕಲಿಸಲ್ಲ ಅನ್ನೋದೂ ಅಷ್ಟೇ ನಿಜ. 2014ರ ಕೊನೆಯಲ್ಲಿ ವಿನ್-ಗ್ಯಾಲಪ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ 64 ದೇಶಗಳಲ್ಲಿ ನಿಮ್ಮ ದೇಶಕ್ಕೋಸ್ಕರ ಹೋರಾಡ್ತೀರಾ ಅಂತ ಕೇಳ್ತು, ಫಿನ್ಲೆಂಡ್‌ನಲ್ಲಿ ಶೇಕಡಾ 74 ಹೌದು ಅಂದ್ರು, ಜರ್ಮನಿಯಲ್ಲಿ 18, ಜಪಾನ್‌ನಲ್ಲಿ ಬರೀ 11. ಜಪಾನಿನವರು ಹೇಡಿಗಳಾ? ಅವರ ಅಜ್ಜಂದಿರ ಕಾಲದಲ್ಲಿ ದೇಶಕ್ಕೋಸ್ಕರ ಅನ್ನೋ ಮಾತನ್ನೇ ಬಳಸಿ ಅಕ್ಕಪಕ್ಕದ ದೇಶಗಳನ್ನ ಸುಟ್ಟಿದ್ರು, ಕೊನೆಗೆ ತಮ್ಮ ಊರುಗಳೂ ಸುಟ್ಟು ಬೂದಿಯಾದವು, ಆ ಪದದ ಮೇಲಿನ ನಂಬಿಕೆ ಅಲ್ಲೇ ಹೋಯ್ತು. ಇನ್ನು ಕೋಸ್ಟರಿಕಾ ಅಂತೂ 1948ರ ಡಿಸೆಂಬರ್ 1ರಂದು ಸೈನ್ಯಾನೇ ರದ್ದು ಮಾಡ್ತು. ಆಗ ಆ ದೇಶ ನಡೆಸ್ತಿದ್ದ ನಾಯಕ ಹೊಸೆ ಫಿಗೆರೆಸ್ ಸುತ್ತಿಗೆ ತಗೊಂಡು ಸೈನ್ಯದ ಕೋಟೆ ಗೋಡೆಗೆ ಹೊಡೆದ್ರು, ಆ ಕೋಟೆ ಈಗ ಅವರ ರಾಷ್ಟ್ರೀಯ ಮ್ಯೂಸಿಯಂ. ಫಿನ್ಲೆಂಡ್‌ಗೆ ಹೋಗಿ ನೀವೂ ಹೀಗೆ ಮಾಡಿ ಅಂತ ನಾನು ಹೇಳಲ್ಲ, ಅವರ ನೆರೆಹೊರೆ ಬೇರೆ.

ನನ್ನ ತಕರಾರು ಇರೋದು ದೇಶ ಕಾಯೋದರ ಬಗ್ಗೆ ಅಲ್ಲ, ದೇಶ ಕಾಯೋ ಹೆಸರಲ್ಲಿ ಆ ಕಡೆಯ ಸಾವನ್ನ ಲೆಕ್ಕದಿಂದ ಹೊರಗಿಡೋದರ ಬಗ್ಗೆ. ಇವೆರಡನ್ನೂ ಒಟ್ಟಿಗೆ ಕಟ್ಟಿಬಿಟ್ಟಿದೀವಿ. ಅವರ ಸಾವಿನ ಬಗ್ಗೆ ಕೇಳಿದೋನು ನಮ್ಮ ಸೈನಿಕರ ವಿರೋಧಿ ಅನ್ನೋ ಹಾಗೆ ಆಗೋಗಿದೆ.

ಇದಕ್ಕೆ ಉತ್ತರ ಒಬ್ಬ ಸೈನಿಕನ ಹತ್ರಾನೇ ಇದೆ. 1968ರ ಮಾರ್ಚ್ 16, ವಿಯೆಟ್ನಾಮಿನ ಮೈ ಲಾಯ್. ಹ್ಯೂ ಥಾಂಪ್ಸನ್ ಅನ್ನೋ 24 ವರ್ಷದ ಹೆಲಿಕಾಪ್ಟರ್ ಪೈಲಟ್ ಮೇಲಿಂದ ನೋಡ್ತಾರೆ, ಕಾಲುವೆ ತುಂಬಾ ಹೆಣ, ಹೆಂಗಸರು, ಮುದುಕರು, ಕೂಸುಗಳು. ಕೊಲ್ತಿರೋದು ತಮ್ಮದೇ ಸೈನ್ಯ. ಒಂದು ಬಂಕರ್‌ನಲ್ಲಿ ಹಳ್ಳಿಯ ಕೆಲವರು ಅಡಗಿದ್ರು, ಅವರ ಕಡೆಗೆ ಸೈನಿಕರು ಹೋಗ್ತಿದ್ರು. ಥಾಂಪ್ಸನ್ ಇಬ್ಬರ ನಡುವೆ ಹೆಲಿಕಾಪ್ಟರ್ ಇಳಿಸಿದ್ರು, ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದ್ರೆ ನೀವು ನಮ್ಮವರ ಮೇಲೆ ಹಾರಿಸಿ ಅಂತ ತಮ್ಮ ಜೊತೆಗಿದ್ದ ಇಬ್ಬರಿಗೆ ಹೇಳಿ, ತಾವು ಹೋಗಿ ಆ ಜನರನ್ನ ಹೊರಗೆ ಕರ್ಕೊಂಡು ಬಂದ್ರು. ಆ ಇಬ್ಬರಲ್ಲಿ ಒಬ್ಬ, ಗ್ಲೆನ್ ಆಂಡ್ರಿಯೊಟಾ ಅನ್ನೋ ಹುಡುಗ, ಕಾಲುವೆಗೆ ಇಳಿದು ಹೆಣಗಳ ಮಧ್ಯೆಯಿಂದ ಜೀವ ಇದ್ದ ಒಂದು ಮಗುವನ್ನ ಎತ್ಕೊಂಡು ಬಂದ. ಮೂರು ವಾರದಲ್ಲಿ ಅವನೂ ಯುದ್ಧದಲ್ಲಿ ಸತ್ತ. ವಿಯೆಟ್ನಾಮಿನವರ ಪಟ್ಟಿಯಲ್ಲಿ ಆವತ್ತು ಸತ್ತೋರು 504.

ಈ ಹತ್ಯಾಕಾಂಡಕ್ಕೆ ಶಿಕ್ಷೆ ಆದದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನಿಗೆ, 1971ರಲ್ಲಿ. ಆಗ ಗ್ಯಾಲಪ್ ಪೋಲ್‌ನಲ್ಲಿ ಶೇಕಡಾ 79 ಅಮೆರಿಕನ್ನರು ಆ ತೀರ್ಪನ್ನ ಒಪ್ಪಲಿಲ್ಲ. ನ್ಯಾಯವಾಗಿ ಹೇಳ್ಬೇಕಂದ್ರೆ ಅವರಲ್ಲಿ ಎಷ್ಟೋ ಜನಕ್ಕೆ, ಮೇಲಿನವರನ್ನ ಬಿಟ್ಟು ಇವನೊಬ್ಬನನ್ನ ಬಲಿ ಕೊಟ್ರು ಅನ್ನೋ ಸಿಟ್ಟಿತ್ತು, ಅದರಲ್ಲಿ ಅರ್ಥ ಇತ್ತು. ಆದ್ರೆ ಥಾಂಪ್ಸನ್‌ಗೆ ಬೆದರಿಕೆ ಕರೆ ಬಂದವು, ಮನೆ ಮುಂದೆ ಸತ್ತ ಪ್ರಾಣಿಗಳನ್ನ ಹಾಕಿ ಹೋದ್ರು. ಸೈನ್ಯ ಅವರಿಗೆ ಇದಕ್ಕೋಸ್ಕರ ಸರಿಯಾದ ಪದಕ ಕೊಟ್ಟಿದ್ದು 1998ರಲ್ಲಿ, ಮೂವತ್ತು ವರ್ಷ ಆದ ಮೇಲೆ. ಅವರು ಸೈನ್ಯಕ್ಕೆ ದ್ರೋಹ ಮಾಡಿದ್ರಾ? ಸೈನ್ಯದ ಮಾನ ಉಳಿಸಿದ್ದೇ ಆ ಹೆಲಿಕಾಪ್ಟರ್ ಅಂತ ನಾನು ನಂಬಿದೀನಿ.

ಆದ್ದರಿಂದ ಎಣಿಸಬೇಕು. ಎಣಿಸೋದು ಅಂದ್ರೆ ಅಳೋದು ಅಂತ ಮಾತ್ರ ಅಲ್ಲ, ಸುಳ್ಳು ನಿಲ್ಲಿಸೋದೂ ಹೌದು. ಯುರೋಪಿನಲ್ಲಿ 1990ರ ದಶಕದಲ್ಲಿ ನಡೆದ ಬಾಸ್ನಿಯಾ ಯುದ್ಧದಲ್ಲಿ ಸತ್ತೋರು ಎರಡು ಲಕ್ಷ ಅಂತ ವರ್ಷಗಟ್ಟಲೆ ಹೇಳ್ತಿದ್ರು. ಮಿರ್ಸಾದ್ ತೊಕಾಚಾ ಅನ್ನೋರು ಅಲ್ಲಿನ ರಾಜಧಾನಿ ಸರಾಯೇವೋದಲ್ಲಿ ಕೂತು, ಹೋರಾಡಿದ ಮುಸ್ಲಿಂ, ಸರ್ಬ್, ಕ್ರೊಯೇಟ್ ಮೂರೂ ಕಡೆಯ ಸತ್ತವರನ್ನ ಒಬ್ಬೊಬ್ಬರ ಹೆಸರು, ಊರು ಹಿಡಿದು ದಾಖಲೆ ಮಾಡಿದ್ರು, 2007ರಲ್ಲಿ ಲೆಕ್ಕ ಕೊಟ್ಟಾಗ ಸುಮಾರು 97 ಸಾವಿರ ಆಯ್ತು. ನಮ್ಮ ನೋವನ್ನ ಕಮ್ಮಿ ಮಾಡಿದೆ ಅಂತ ಸ್ವಂತ ಜನಾನೇ ಅವರನ್ನ ಬೈದ್ರು. ನಾನು ಅದನ್ನ ಬೇರೆ ಥರ ನೋಡ್ತೀನಿ, ಎರಡು ಲಕ್ಷ ಅನ್ನೋದು ಭಾಷಣಕ್ಕೆ ಬರೋ ಸಂಖ್ಯೆ, 97 ಸಾವಿರ ಅನ್ನೋದು ಅಷ್ಟು ಮಂದಿ. ಮುಂದಿನ ಪೀಳಿಗೆಯನ್ನ ರೊಚ್ಚಿಗೆಬ್ಬಿಸೋಕೆ ದುಂಡು ಸಂಖ್ಯೆ ಸಾಕು, ಹೆಸರು ಹಿಡ್ಕೊಂಡು ಅದನ್ನ ಮಾಡೋದು ಕಷ್ಟ.

ಕೊನೆಯದಾಗಿ ಜಪಾನಿನ ಒಕಿನಾವಾ ದ್ವೀಪ. 1945ರ ಯುದ್ಧದಲ್ಲಿ ಆ ದ್ವೀಪದ ಸುಮಾರು ನಾಲ್ಕರಲ್ಲೊಂದು ಭಾಗ ಜನ ಸತ್ರು, ದಾಳಿಗೆ ಬಂದ ಅಮೆರಿಕನ್ನರಿಂದಾನೂ ಸತ್ರು, ತಮ್ಮದೇ ಜಪಾನಿ ಸೈನ್ಯದ ಕೈಯಲ್ಲೂ ಸತ್ರು. 1995ರಲ್ಲಿ ಅಲ್ಲಿ ಸಮುದ್ರದ ದಂಡೆಯ ಮೇಲೆ ಸಾಲುಸಾಲಾಗಿ ಕಪ್ಪು ಕಲ್ಲು ನಿಲ್ಲಿಸಿ ಎರಡು ಲಕ್ಷ 40 ಸಾವಿರದ ಹತ್ತಿರ ಹೆಸರು ಕೆತ್ತಿದಾರೆ, ಒಕಿನಾವಾದವರು, ಜಪಾನಿನ ಬೇರೆ ಕಡೆಯವರು, ಕೊರಿಯಾದವರು, ತೈವಾನಿನವರು, ಬ್ರಿಟಿಷರು, ಜೊತೆಗೆ ದಾಳಿಗೆ ಬಂದು ಸತ್ತ 14 ಸಾವಿರ ಅಮೆರಿಕನ್ನರು. ಮರೆತುಬಿಟ್ರು, ಕ್ಷಮಿಸಿಬಿಟ್ರು ಅಂತ ಅಂದ್ಕೋಬೇಡಿ, ಆ ದ್ವೀಪದಲ್ಲಿ ಇವತ್ತಿಗೂ ಅಮೆರಿಕದ ಸೈನ್ಯದ ನೆಲೆಗಳಿವೆ, ಅವು ಬೇಡ ಅಂತ ಜನ ಇವತ್ತಿಗೂ ಪ್ರತಿಭಟನೆ ಮಾಡ್ತಾರೆ. ಪ್ರತಿ ವರ್ಷ ಜೂನ್ 23ಕ್ಕೆ ಮನೆಯವರು ಬಂದು ಕಲ್ಲಿನ ಮುಂದೆ ಕೂತ್ಕೋತಾರೆ, ಹೂವು ಇಡ್ತಾರೆ, ಹೆಸರಿನ ಮೇಲೆ ಬೆರಳಾಡಿಸ್ತಾರೆ. ಎಂಬತ್ತು ವರ್ಷ ಆಗಿದ್ರೂ ಯಾರದ್ದಾದ್ರೂ ಹೆಸರು ಬಿಟ್ಟುಹೋಗಿದೆ ಅಂತ ಗೊತ್ತಾದ್ರೆ ಅದನ್ನ ಹೊಸದಾಗಿ ಕೆತ್ತುತಾರೆ, ಅವನು ಯಾವ ದೇಶದವನಾದ್ರೂ ಸರಿ.