ಅರ್ಜಿಯ ಪ್ರಬಂಧ ಬರೆಯಲು ಎಐ: ಎಲ್ಲಿಯವರೆಗೆ ಸಹಾಯ ತೆಗೆದುಕೊಳ್ಳಬಹುದು?

ಎಲ್ಲರಿಗೂ ನಮಸ್ಕಾರ.

ಅಮೆರಿಕ, ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವಾಗ ಸಾಮಾನ್ಯವಾಗಿ ತಮ್ಮ ಬಗ್ಗೆ ಒಂದು ಪ್ರಬಂಧವನ್ನೂ ಬರೆದು ಕೊಡಬೇಕು. ಹೀಗೆ ಅರ್ಜಿ ಹಾಕುವ ಮಕ್ಕಳು ಮೊದಲು ಕೇಳುವುದು ಒಂದೇ ಪ್ರಶ್ನೆ. "ಚಾಟ್‌ಜಿಪಿಟಿ ಕೈಲಿ ಪ್ರಬಂಧ ಬರೆಸಿದರೆ ಸಿಕ್ಕಿಬೀಳ್ತೀವಾ?" ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಆದರೆ ಕೇಳಿದ್ದಕ್ಕೆ ಮೊದಲು ಉತ್ತರ ಕೊಡಬೇಕಲ್ವಾ?

ಸಿಕ್ಕಿಬೀಳದೆಯೂ ಇರಬಹುದು. ಯಂತ್ರ ಬರೆದದ್ದನ್ನು ಹಿಡಿಯುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳನ್ನು ಅಷ್ಟು ನಂಬುವ ಹಾಗಿಲ್ಲ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಅದನ್ನು ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಪತ್ತೆ ಸಾಧನ ಬಿಟ್ಟಿತು. ಕಂಪನಿಯದೇ ಪರೀಕ್ಷೆಯಲ್ಲಿ ಅದು ಎಐ ಬರಹಗಳಲ್ಲಿ ಹಿಡಿದದ್ದು ಶೇಕಡ 26ರಷ್ಟು ಮಾತ್ರ. ಮನುಷ್ಯರೇ ಬರೆದದ್ದರಲ್ಲಿ ಶೇಕಡ 9ರಷ್ಟನ್ನು ಯಂತ್ರದ್ದು ಎಂದು ತಪ್ಪಾಗಿ ಹೇಳಿತು. ಜುಲೈನಲ್ಲಿ ಕಂಪನಿ ಅದನ್ನು ವಾಪಸ್ ತೆಗೆದುಕೊಂಡಿತು.

ಇದಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವುದು ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನ. ಇಂಗ್ಲಿಷ್ ತಾಯ್ನುಡಿಯಲ್ಲದವರು ಬರೆಯುವ ಟೋಫೆಲ್ ಪರೀಕ್ಷೆಗೆಂದು ವಿದ್ಯಾರ್ಥಿಗಳು ಸ್ವಂತವಾಗಿ ಬರೆದ 91 ಪ್ರಬಂಧಗಳನ್ನು ಅವರು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಸರಾಸರಿ ಶೇಕಡ 61ರಷ್ಟನ್ನು ಅವು 'ಎಐ ಬರೆದದ್ದು' ಎಂದವು. ಯಾಕೆ? ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದನ್ನು ಈ ಸಾಧನಗಳು ನೋಡುತ್ತವೆ. ಇಂಗ್ಲಿಷನ್ನು ಆಮೇಲೆ ಕಲಿತವರು ಸರಳ ಪದ, ಸರಳ ವಾಕ್ಯ ಬಳಸುತ್ತಾರೆ. ಅವರ ಸರಳತೆಯೇ ಅವರ ಮೇಲೆ ಅನುಮಾನ ತರುತ್ತದೆ. ಇದು ಅನ್ಯಾಯ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ತಾನು ಬಳಸುತ್ತಿದ್ದ, ನಕಲು ಪತ್ತೆ ಮಾಡುವ ಸಾಫ್ಟ್‌ವೇರ್ ಟರ್ನಿಟಿನ್‌ನ ಎಐ ಪತ್ತೆ ಸೌಲಭ್ಯವನ್ನು 2023ರ ಆಗಸ್ಟ್‌ನಲ್ಲೇ ನಿಲ್ಲಿಸಿತು.

ಹಿಡಿಯುವವರಿಲ್ಲ ಅಂದಮೇಲೆ ಮಾಡಬಹುದಲ್ಲ ಅಂತ ಅನಿಸಬಹುದು. ಬೇಡ. ಅರ್ಜಿ ಸಲ್ಲಿಸುವಾಗ ನೀವು ಒಂದು ಮಾತು ಕೊಡುತ್ತೀರಿ. ಅಮೆರಿಕದ ಹಲವು ಕಾಲೇಜುಗಳಿಗೆ ಅರ್ಜಿ ಹಾಕಲು ಬಳಸುವ ಆನ್‌ಲೈನ್ ವ್ಯವಸ್ಥೆಯಾದ ಕಾಮನ್ ಆ್ಯಪ್‌ನಲ್ಲಿ, ಇದು ನನ್ನದೇ ಬರಹ ಎಂದು ಒಪ್ಪಿ ಸಹಿ ಹಾಕುತ್ತೀರಿ. ಎಐ ಕೊಟ್ಟ ಬರಹವನ್ನು ತನ್ನದೆಂದು ಕೊಡುವುದು ಅದರ ನಿಯಮದಲ್ಲಿ ವಂಚನೆ. ಆಮೇಲೆ ಗೊತ್ತಾದರೂ ಸಿಕ್ಕ ಸೀಟು ಹೋಗಬಹುದು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಲು ಇರುವ ವ್ಯವಸ್ಥೆಯಾದ ಯುಕಾಸ್‌ನಲ್ಲೂ ಇಂಥದೇ ಘೋಷಣೆ ಇದೆ.

ಎಐ ಸಹಾಯ ಎಲ್ಲಿಯವರೆಗೆ ಸರಿ ಎಂಬ ಗೆರೆ ಎಲ್ಲ ಕಡೆ ಒಂದೇ ಅಲ್ಲ, ಅದನ್ನು ಗಮನಿಸಿ. ಅಮೆರಿಕದ ಮೂರು ವಿಶ್ವವಿದ್ಯಾಲಯಗಳನ್ನೇ ನೋಡಿ. ಜಾರ್ಜಿಯಾ ಟೆಕ್ ಎಐ ಜೊತೆ ಚರ್ಚೆ ಮಾಡಿ, ತಿದ್ದಿಸಿಕೊಳ್ಳಿ, ಆದರೆ ನಕಲು ಮಾಡಬೇಡಿ ಅನ್ನುತ್ತದೆ. ಬ್ರೌನ್ ಕಾಗುಣಿತ, ವ್ಯಾಕರಣದ ಪರಿಶೀಲನೆ ಬಿಟ್ಟರೆ ಬೇರೆ ಯಾವುದನ್ನೂ ಒಪ್ಪುವುದಿಲ್ಲ. ಕ್ಯಾಲ್‌ಟೆಕ್ ಇನ್ನೂ ಬಿಡಿಸಿ ಹೇಳಿದೆ. ಯೋಚನೆ ಶುರುಮಾಡಲು ಪ್ರಶ್ನೆ ಕೇಳಿಸಿಕೊಳ್ಳಬಹುದು, ವ್ಯಾಕರಣ ನೋಡಿಸಬಹುದು. ಕರಡು ಬರೆಸಬಾರದು, ಪ್ರಬಂಧದ ಚೌಕಟ್ಟು ಹಾಕಿಸಬಾರದು. ಬೇರೆ ಭಾಷೆಯಲ್ಲಿ ಬರೆದು ಎಐಯಿಂದ ಅನುವಾದ ಮಾಡಿಸುವುದನ್ನೂ ಅದು ತಪ್ಪು ಅನ್ನುತ್ತದೆ. ಈ ಕೊನೆಯ ನಿಯಮ ತಾಯ್ನುಡಿಯಲ್ಲಿ ಯೋಚಿಸುವ ಮಕ್ಕಳಿಗೆ ಭಾರ ಅಂತ ನನಗೆ ಅನಿಸುತ್ತದೆ. ಆದರೂ ನಿಯಮ ನಿಯಮವೇ. ತಾಯ್ನುಡಿಯಲ್ಲಿ ಟಿಪ್ಪಣಿ ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಇಂಗ್ಲಿಷಿನ ವಾಕ್ಯ ಮಾತ್ರ ನೀವೇ ಕಟ್ಟಿ. ಪ್ರತಿ ಕಾಲೇಜಿನ ಪುಟಕ್ಕೂ ಹೋಗಿ ಈ ನಿಯಮ ಓದಿ, ಪ್ರತಿ ವರ್ಷವೂ ಹೊಸದಾಗಿ ನೋಡಿ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಈ ಪ್ರಬಂಧ ಇರುವುದಾದರೂ ಯಾಕೆ?

ನಿಮ್ಮ ಅರ್ಜಿಯಲ್ಲಿ ಅಂಕಗಳನ್ನು ಕೊಟ್ಟವರು ಬೇರೆಯವರು. ಶಿಫಾರಸು ಪತ್ರ ಬರೆದವರೂ ಬೇರೆಯವರು. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಅಂತ ನೀವೇ ತೀರ್ಮಾನ ಮಾಡುವ ಜಾಗ ಇದೊಂದೇ. ಕಾಮನ್ ಆ್ಯಪ್‌ನಲ್ಲಿ ಅದಕ್ಕೆ 250ರಿಂದ 650 ಪದ. ಯುಕಾಸ್‌ನಲ್ಲಿ ಒಟ್ಟು 4,000 ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಅಷ್ಟು ಚಿಕ್ಕ ಜಾಗದಲ್ಲಿ ಆಯ್ಕೆಯೇ ಮುಖ್ಯ. ಎಐಗೆ ಕೊಟ್ಟಾಗ ನಾವು ಬಿಟ್ಟುಕೊಡುವುದು ಬರೀ ವಾಕ್ಯಗಳನ್ನಲ್ಲ, ಆ ಆಯ್ಕೆಯನ್ನು. ನನಗೆ ನಿಜವಾಗಿ ಬೇಸರ ಆಗುವುದು ಇಲ್ಲೇ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಮರೆವಿನ ಕಾಯಿಲೆ ಇರುವ ಅಜ್ಜಿಯನ್ನು ನೋಡಿಕೊಂಡ ಹುಡುಗಿ ಒಬ್ಬಳು ಎಐಗೆ ವಿಷಯ ಹೇಳುತ್ತಾಳೆ. ಅದು ಬರೆಯುತ್ತದೆ: "ಈ ಅನುಭವ ನನಗೆ ತಾಳ್ಮೆ ಮತ್ತು ಸಹಾನುಭೂತಿಯ ಮಹತ್ವವನ್ನು ಕಲಿಸಿತು." ತಪ್ಪೇನಿಲ್ಲ. ಆದರೆ ಈ ವಾಕ್ಯ ಯಾರದ್ದು ಬೇಕಾದರೂ ಆಗಬಹುದು. ಅದೇ ಹುಡುಗಿ ತಾನೇ ಕೂತು ನೆನಪು ಮಾಡಿಕೊಂಡರೆ ಹೀಗೆ ಬರೆದಾಳು: "ಅಜ್ಜಿ ದಿನವೂ ನನ್ನ ಹೆಸರು ಕೇಳುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ದಿನಕ್ಕೊಂದು ಹೊಸ ಹೆಸರು ಹೇಳತೊಡಗಿದೆ. ನಾನು ಸುಳ್ಳು ಹೇಳುತ್ತಿದ್ದೇನಾ ಅಂತ ಅಮ್ಮ ಕೇಳಿದಾಗ ಉತ್ತರ ಹೊಳೆಯಲಿಲ್ಲ." ಎರಡನೆಯದನ್ನು ಓದಿದವರಿಗೆ ಈ ಹುಡುಗಿಯ ಜೊತೆ ಮಾತಾಡಬೇಕು ಅನಿಸುತ್ತದೆ. ಆ ಸಿಟ್ಟು, ಉತ್ತರ ಸಿಗದ ಆ ಗಳಿಗೆ ಯಂತ್ರಕ್ಕೆ ಗೊತ್ತಿಲ್ಲ. ಅದು ತಾನು ಓದಿದ ಕೋಟ್ಯಂತರ ಬರಹಗಳ ಆಧಾರದಲ್ಲಿ, ಇಲ್ಲಿ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತ ನೋಡಿ ಬರೆಯುತ್ತದೆ. ಹಾಗಾಗಿ ಎಲ್ಲರಿಗೂ ಒಪ್ಪುವ ಮಾತಿನ ಕಡೆಗೇ ಜಾರುತ್ತದೆ.

ಇದಕ್ಕೆ ಒಂದು ಗಟ್ಟಿಯಾದ ಎದುರು ವಾದ ಇದೆ. ದುಡ್ಡಿರುವವರು ಸಲಹೆಗಾರರನ್ನು ಇಟ್ಟುಕೊಂಡು ಪ್ರಬಂಧ ತಿದ್ದಿಸುತ್ತಾರೆ. ಇಲ್ಲದವರಿಗೆ ಎಐ ಆದರೂ ಇರಲಿ, ತಪ್ಪೇನು? ಈ ಮಾತಿನಲ್ಲಿ ಸತ್ಯ ಇದೆ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ವಿದ್ಯಾರ್ಥಿಗಳ ಪ್ರವೇಶ ಪ್ರಬಂಧಗಳನ್ನು ಎಐ ಬರೆದವುಗಳ ಜೊತೆ ಹೋಲಿಸಿದಾಗ, ಎಐ ಶೈಲಿ ಅತಿ ಹೆಚ್ಚು ಹೋಲಿದ್ದು ಅನುಕೂಲಸ್ಥ ಮನೆಯ ಹುಡುಗರ ಬರಹಕ್ಕೆ. ಅಂದರೆ ಬಡ ಮನೆಯ ಹುಡುಗಿಗೆ ಅದು ಕೊಡುವುದು ಅವಳದಲ್ಲದ ದನಿಯನ್ನು. ಅವಳ ಬದುಕಿನಲ್ಲಿ ಬೇರೆಯವರಿಗೆ ಸಿಗದ ಏನಿದೆಯೋ, ಮೊದಲು ಅಳಿಸಿಹೋಗುವುದು ಅದೇ.

ವಿಶ್ವವಿದ್ಯಾಲಯಗಳಿಗೂ ಇದರ ಬಿಸಿ ತಟ್ಟಿದೆ. ಡ್ಯೂಕ್ ವಿಶ್ವವಿದ್ಯಾಲಯ ಮುಂಚೆ ಪ್ರಬಂಧಕ್ಕೆ ಅಂಕ ಕೊಡುತ್ತಿತ್ತು. ಎಐ ಮತ್ತು ಸಲಹೆಗಾರರ ಕಾರಣದಿಂದ, ಇದು ವಿದ್ಯಾರ್ಥಿಯದೇ ಬರವಣಿಗೆಯ ಶಕ್ತಿ ಎಂದು ನಂಬುವಂತಿಲ್ಲ ಅಂತ 2024ರಲ್ಲಿ ಆ ಅಂಕ ನಿಲ್ಲಿಸಿತು. ಪ್ರಬಂಧ ಓದುವುದನ್ನು ಮಾತ್ರ ಬಿಟ್ಟಿಲ್ಲ. ಅಂದಮೇಲೆ ಚೆಂದದ ಇಂಗ್ಲಿಷಿಗೆ ಬೆಲೆ ಕಡಿಮೆಯಾಗುತ್ತಿದೆ. ನೀವು ಯಾರು ಅನ್ನುವುದು ಉಳಿಯುತ್ತದೆ. ಇಂಗ್ಲಿಷ್ ಬಗ್ಗೆ ಹಿಂಜರಿಕೆ ಇರುವವರಿಗೆ ಇದು ಒಳ್ಳೆಯ ಸುದ್ದಿ ಅಂತಲೇ ನಾನು ಭಾವಿಸುತ್ತೇನೆ.

ಹಾಗಾದರೆ ಎಐಯನ್ನು ಮುಟ್ಟಲೇಬಾರದಾ? ಕಾಲೇಜಿನ ನಿಯಮ ಒಪ್ಪಿದರೆ, ಅದಕ್ಕೆ ಪ್ರಶ್ನೆ ಕೇಳುವ ಕೆಲಸ ಕೊಡಿ. "ನನ್ನ ಬಗ್ಗೆ ಒಂದೊಂದೇ ಪ್ರಶ್ನೆ ಕೇಳು, ನನ್ನ ಪರವಾಗಿ ಒಂದು ವಾಕ್ಯವನ್ನೂ ಬರೆಯಬೇಡ" ಅಂತ ಹೇಳಿ. ಉತ್ತರವನ್ನು ಕಾಗದದ ಮೇಲೆ ಬರೆಯಿರಿ. ಕರಡು ಮುಗಿದ ಮೇಲೆ ನಿಮ್ಮನ್ನು ಬಲ್ಲ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು "ಇದು ನೀನು ಮಾತಾಡಿದ ಹಾಗಿಲ್ಲ" ಅಂದ ಕಡೆ ಗುರುತು ಹಾಕಿ, ಆ ಭಾಗ ಮತ್ತೆ ಬರೆಯಿರಿ.

ಇನ್ನೊಂದು ವಿಷಯ. ಹಳೆಯ ಕರಡುಗಳನ್ನು ಸುಮ್ನೆ ಅಳಿಸಬೇಡಿ, ತಾರೀಕು ಹಾಕಿ ಇಟ್ಟುಕೊಳ್ಳಿ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ತಿದ್ದುಪಡಿಗಳ ಇತಿಹಾಸ ತಾನಾಗಿಯೇ ಉಳಿಯುತ್ತದೆ. ನೀವೇ ಬರೆದದ್ದರ ಮೇಲೆ ಯಾವುದೋ ಸಾಫ್ಟ್‌ವೇರ್ ಅನುಮಾನ ಪಟ್ಟರೆ, ತೋರಿಸಲು ನಿಮ್ಮ ಕೈಯಲ್ಲಿ ಅಷ್ಟಾದರೂ ಇರುತ್ತದೆ.