ಮುಂದೆ ಓಡುವ ವಾಚು: ಮೊದಲು ಕಾರಣ, ಆಮೇಲೆ ರಿಪೇರಿ

ಎಲ್ಲರಿಗೂ ನಮಸ್ಕಾರ. ರಜೆಯ ದಿನ ಬೆಳಿಗ್ಗೆಯೇ ವಾಚಿನ ವಿಷಯ ಕೇಳಲು ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಸುಮಾರು ಕೈಗಳಲ್ಲಿ ಹೆಚ್‌ಎಂಟಿ ಕಾಣಿಸುತ್ತಿದೆ. ಬೆಂಗಳೂರಿನಲ್ಲಿ ಕೀ ಕೊಡುವ ವಾಚು ಅಂದರೆ ಇವತ್ತಿಗೂ ಅದೇ ಅಲ್ವಾ? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಇಲ್ಲಿ ವಾಚಿನ ಕಾರ್ಖಾನೆ ಶುರುವಾಯಿತು. 2016ರಲ್ಲಿ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ನಿಂತಿತು, ಜನತಾ, ಪೈಲಟ್, ಕೊಹಿನೂರ್ ಮಾತ್ರ ಇನ್ನೂ ಓಡುತ್ತಿವೆ. ಅಪ್ಪ, ತಾತ ಕಟ್ಟಿದ್ದ ವಾಚನ್ನು ಬೀರುವಿನಿಂದ ತೆಗೆದು ಮತ್ತೆ ಕಟ್ಟಿಕೊಳ್ಳುವ ಹುಡುಗ ಹುಡುಗಿಯರು ಈಗ ಜಾಸ್ತಿ ಆಗಿದ್ದಾರೆ. ಅವರಿಗಾಗಿಯೇ ಈ ಮಾತು.

ರಿಪೇರಿಗೆ ಬರುವ ವಾಚುಗಳಲ್ಲಿ ಎರಡು ದೂರು ಸಾಮಾನ್ಯ. ಒಂದು, ಹಿಂದೆ ಬೀಳುತ್ತೆ. ಇನ್ನೊಂದು, ಮುಂದೆ ಓಡುತ್ತೆ. ಎರಡನ್ನೂ ಒಂದೇ ತರಹ ನೋಡಬಾರದು. ಹಿಂದೆ ಬೀಳುವ ವಾಚಿಗೆ ನೂರೆಂಟು ಕಾರಣ: ಎಣ್ಣೆ ಒಣಗಿರಬಹುದು, ಧೂಳು ಕೂತಿರಬಹುದು, ಮುಳ್ಳು ಸಡಿಲವಾಗಿ ಜಾರುತ್ತಿರಬಹುದು. ಮುಂದೆ ಓಡುವ ವಾಚಿನ ಕಥೆ ಬೇರೆ. ಅಲ್ಲಿ ಹೆಚ್ಚಿನ ಸಲ ಕಣ್ಣು ನೇರವಾಗಿ ಒಂದೇ ಕಡೆ ಹೋಗಬೇಕು, ಹೇರ್‌ಸ್ಪ್ರಿಂಗ್ ಕಡೆಗೆ. ಅದನ್ನು ನೋಡದೆ, ಹಿಂದಿನ ಮುಚ್ಚಳ ತೆಗೆದ ಕೂಡಲೇ ವೇಗ ಹೆಚ್ಚುಕಡಿಮೆ ಮಾಡುವ ಪುಟ್ಟ ಕಡ್ಡಿ ರೆಗ್ಯುಲೇಟರನ್ನು ತಳ್ಳುವುದು ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವಾಚಿನೊಳಗೆ ಅತ್ತಿತ್ತ ಆಡುವ ಚಕ್ರ ಒಂದಿದೆ, ಬ್ಯಾಲೆನ್ಸ್ ವೀಲ್. ಅದರ ನಡುವೆ ಸುರುಳಿಯಾಗಿ ಕೂತಿರುವುದೇ ಹೇರ್‌ಸ್ಪ್ರಿಂಗ್. ಕೀ ಕೊಟ್ಟಾಗ ಬಿಗಿಯಾಗುವ ಮೇನ್‌ಸ್ಪ್ರಿಂಗ್ ಶಕ್ತಿ ಕೊಡುತ್ತದೆ ಅಷ್ಟೇ. ಕಾಲ ಅಳೆಯುವುದು ಈ ಚಕ್ರ ಮತ್ತು ಈ ಸುರುಳಿ. ಹೆಚ್‌ಎಂಟಿಯ ಹಳೆಯ ಕೀ ಕೊಡುವ ವಾಚುಗಳು ಗಂಟೆಗೆ 18,000 ಸಲ ಬಡಿಯುತ್ತವೆ. ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ವೀಣೆಯ ತಂತಿಯ ಮೇಲೆ ಬೆರಳು ಒತ್ತಿ ಕೆಳಗೆ ಜಾರಿಸಿದರೆ ನುಡಿಯುವ ಉದ್ದ ಕಡಿಮೆಯಾಗಿ ಸ್ವರ ಏರುತ್ತದಲ್ಲ, ಹೇರ್‌ಸ್ಪ್ರಿಂಗ್ ಕೂಡ ಹಾಗೇ. ಕೆಲಸ ಮಾಡುವ ಉದ್ದ ಕಡಿಮೆಯಾದರೆ ಸ್ಪ್ರಿಂಗ್ ಬಿಗಿಯಾಗುತ್ತದೆ, ಚಕ್ರ ಬೇಗ ಬೇಗ ಆಡುತ್ತದೆ, ವಾಚು ಮುಂದೆ ಓಡುತ್ತದೆ.

ಎಷ್ಟು ಕಡಿಮೆಯಾದರೆ ಎಷ್ಟು ಓಡುತ್ತದೆ? ಸ್ಪ್ರಿಂಗಿನ ಉದ್ದ 10 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ದಿನಕ್ಕೆ 1 ನಿಮಿಷ ಮುಂದೆ ಹೋಗಲು ಅದು ಸುಮಾರು 0.14 ಮಿಲಿಮೀಟರ್ ಕಡಿಮೆಯಾದರೆ ಸಾಕು. ಹೆಚ್ಚುಕಡಿಮೆ ಎರಡು ತಲೆಗೂದಲಿನ ದಪ್ಪ. ಈ ಲೆಕ್ಕ ತಲೆಯಲ್ಲಿದ್ದರೆ ಆ ಭಾಗದ ಹತ್ತಿರ ಚಿಮಟ ತರುವ ಮೊದಲು ಕೈ ತಾನಾಗಿಯೇ ನಿಧಾನವಾಗುತ್ತದೆ.

ಈಗ ಕಾರಣಗಳಿಗೆ ಬರೋಣ. ಮೊನ್ನೆ ತನಕ ಸರಿಯಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಐದು ನಿಮಿಷ, ಹತ್ತು ನಿಮಿಷ ಓಡಲು ಶುರು ಮಾಡಿದರೆ ಮೊದಲ ಅನುಮಾನ ಅಯಸ್ಕಾಂತದ ಮೇಲೆ. ನಮ್ಮ ಸುತ್ತ ಅಯಸ್ಕಾಂತ ಎಷ್ಟಿದೆ ಅಂತ ಒಮ್ಮೆ ಯೋಚಿಸಿ. ಮೊಬೈಲಿನ ಸ್ಪೀಕರ್, ಇಯರ್‌ಫೋನಿನ ಡಬ್ಬಿ, ಟ್ಯಾಬ್ಲೆಟ್ಟಿನ ಕವರ್, ಹ್ಯಾಂಡ್‌ಬ್ಯಾಗಿನ ಬಟನ್, ಫ್ರಿಜ್ಜಿನ ಬಾಗಿಲು. ರಾತ್ರಿ ವಾಚು ಬಿಚ್ಚಿ ಫೋನಿನ ಪಕ್ಕದಲ್ಲೇ ಇಡುತ್ತೇವೆ. ಸ್ಪ್ರಿಂಗಿಗೆ ಅಯಸ್ಕಾಂತ ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದಷ್ಟು ಉದ್ದ ಕೆಲಸಕ್ಕಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ಬರುವಂಥ ಚಿಕ್ಕ ದಿಕ್ಸೂಚಿ ಸಾಕು. ಮೇಜಿನ ಮೇಲಿಟ್ಟು, ಓಡುತ್ತಿರುವ ವಾಚನ್ನು ಅದರ ಹತ್ತಿರ ನಿಧಾನವಾಗಿ ಸುತ್ತಲೂ ತನ್ನಿ. ಉಕ್ಕಿನ ಕೇಸ್ ಇದ್ದರೆ ಸೂಜಿ ಸ್ವಲ್ಪ ಅಲ್ಲಾಡಬಹುದು. ಜೋರಾಗಿ ಎಳೆದು, ವಾಚಿನ ಒಂದು ಕಡೆಗೆ ಸೆಳೆತ, ಇನ್ನೊಂದು ಕಡೆಗೆ ತಳ್ಳಾಟ ಕಂಡರೆ ಅಯಸ್ಕಾಂತ ಹತ್ತಿದೆ ಅಂತಲೇ ತಿಳಿಯಿರಿ. ಬಿಡಿಸುವುದು ಸುಲಭ. ಡಿಮ್ಯಾಗ್ನೆಟೈಜರ್ ಅನ್ನುವ ಪುಟ್ಟ ಪೆಟ್ಟಿಗೆ ಸಿಗುತ್ತದೆ, ಒಳಗೆ ಕರೆಂಟಿನ ಸುರುಳಿ. ವಾಚನ್ನು ಅದರ ಮೇಲಿಟ್ಟು ಬಟನ್ ಒತ್ತಿ. ಒತ್ತಿಕೊಂಡೇ ವಾಚನ್ನು ನಿಧಾನವಾಗಿ ಮೇಲೆತ್ತಿ, ಒಂದು ಮೊಳ ದೂರ ಬಂದಮೇಲೆ ಬಟನ್ ಬಿಡಿ. ಹತ್ತಿರ ಇರುವಾಗಲೇ ಬಿಟ್ಟರೆ ಅಯಸ್ಕಾಂತ ವಾಪಸ್ ಹತ್ತುವ ಸಾಧ್ಯತೆ ಇದೆ. ಸರಿಯಾಗಿ ಮಾಡಿದರೆ ಕೆಲವೇ ಸೆಕೆಂಡಿನ ಕೆಲಸ, ಮುಚ್ಚಳ ತೆಗೆಯುವುದೂ ಬೇಡ. ಈ ಕೆಲಸ ಮಾಡದೆ ರೆಗ್ಯುಲೇಟರ್ ತಳ್ಳಿ ಸರಿ ಮಾಡಿಕೊಟ್ಟ ವಾಚು, ಮುಂದೆ ಯಾವತ್ತೋ ಅಯಸ್ಕಾಂತ ಬಿಟ್ಟ ದಿನ, ಅಷ್ಟೇ ನಿಮಿಷ ಹಿಂದೆ ಬೀಳುತ್ತದೆ.

ಸುರುಳಿ ಅಂಟಲು ಇನ್ನೊಂದು ಕಾರಣ ಎಣ್ಣೆ. ಹಳೆಯ ವಾಚಿಗೆ ಮನೆಯಲ್ಲೇ ಒಂದು ತೊಟ್ಟು ಹೊಲಿಗೆ ಮಷಿನ್ ಎಣ್ಣೆ ಬಿಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಹೇರ್‌ಸ್ಪ್ರಿಂಗಿಗೆ ಎಣ್ಣೆ ಎಂದಿಗೂ ತಾಗಬಾರದು. ತಾಗಿದ್ದರೆ ಬ್ಯಾಲೆನ್ಸನ್ನು ಬಿಚ್ಚಿ ತೊಳೆದು ಒಣಗಿಸಬೇಕು, ಬೇರೆ ದಾರಿ ಇಲ್ಲ.

ಮೂರನೆಯದು ಪೆಟ್ಟು. ಕೈ ಜಾರಿ ಬಿದ್ದಾಗ, ಅಥವಾ ನಮ್ಮ ರಸ್ತೆಗಳ ಗುಂಡಿಯಲ್ಲಿ ಬೈಕು ಜೋರಾಗಿ ಎಗರಿದಾಗ, ಸ್ಪ್ರಿಂಗಿನ ಸುರುಳಿ ಜಾಗ ಬಿಟ್ಟು ಸಿಕ್ಕಿಹಾಕಿಕೊಳ್ಳಬಹುದು. ರೆಗ್ಯುಲೇಟರಿನಲ್ಲಿ ಎರಡು ಪುಟ್ಟ ಪಿನ್ನುಗಳಿವೆ. ಹೊರಗಿನ ಸುರುಳಿ ಮಾತ್ರ ಅವುಗಳ ನಡುವೆ ಇರಬೇಕು. ಪೆಟ್ಟು ಬಿದ್ದು ಎರಡನೆಯ ಸುರುಳಿಯೂ ಬಂದು ಅಲ್ಲಿ ಕಚ್ಚಿಕೊಂಡರೆ ವಾಚು ಹುಚ್ಚೆದ್ದು ಓಡುತ್ತದೆ. ಕಣ್ಣಿಗೆ ಲೂಪ್, ಅಂದರೆ ಭೂತಗನ್ನಡಿ, ಹಾಕಿ ನೋಡಿದರೆ ಗೊತ್ತಾಗುತ್ತದೆ. ಬಿಡಿಸುವುದು ಮಾತ್ರ ಪಳಗಿದ ಕೈಯ ಕೆಲಸ. ಯೂಟ್ಯೂಬ್ ನೋಡಿ ಮೊದಲ ಸಲ ಕೈ ಹಾಕುವವರು ತಾತನ ವಾಚಿನಿಂದ ಶುರು ಮಾಡಬೇಡಿ.

ಇನ್ನೊಂದು ದೂರು ಸ್ವಾರಸ್ಯದ್ದು: ಪೂರ್ತಿ ಕೀ ಕೊಟ್ಟ ಮೊದಲ ಕೆಲವು ಗಂಟೆ ಮಾತ್ರ ಮುಂದೆ ಓಡುತ್ತದೆ, ಆಮೇಲೆ ಸರಿ ಹೋಗುತ್ತದೆ. ಕಿವಿಗೆ ಹಿಡಿದರೆ ಟಿಕ್ ಟಿಕ್ ಲಯ ಕೆಟ್ಟು ಅವಸರವಾಗಿ ಕೇಳಿಸುತ್ತದೆ. ಇದು ಹೇರ್‌ಸ್ಪ್ರಿಂಗಿನ ಉದ್ದದ ತೊಂದರೆಯಲ್ಲ. ಹಳೆಯ ಮೇನ್‌ಸ್ಪ್ರಿಂಗ್ ತೆಗೆದು ಬೇಕಾದ್ದಕ್ಕಿಂತ ಬಲವಾದದ್ದು ಹಾಕಿದಾಗ ಹೀಗಾಗುತ್ತದೆ. ಬ್ಯಾಲೆನ್ಸ್ ಅಳತೆ ಮೀರಿ ತಿರುಗಿ, ಅದರ ಕೆಳಗಿನ ಕಲ್ಲು ಸುತ್ತಿಬಂದು, ಚಕ್ರಕ್ಕೆ ತಳ್ಳು ಕೊಡುವ ಕವಲು ಕಡ್ಡಿ ಫೋರ್ಕಿನ ಹೊರಬದಿಗೆ ಗುದ್ದುತ್ತದೆ. ಗುದ್ದಿ ಬೇಗ ವಾಪಸಾಗುವುದರಿಂದ ಹೊತ್ತು ಮುಂದೆ ಹೋಗುತ್ತದೆ. ರೆಗ್ಯುಲೇಟರ್ ಎಷ್ಟು ತಳ್ಳಿದರೂ ಇದು ವಾಸಿಯಾಗದು. ಸರಿಯಾದ ಮೇನ್‌ಸ್ಪ್ರಿಂಗ್ ಹಾಕಬೇಕು.

ಇಂಟರ್‌ನೆಟ್ಟಿನಲ್ಲಿ ಹೊಸ ಡಯಲ್ ಹಾಕಿ ಮಾರುವ ಹಳೆಯ ವಾಚು ಕೊಂಡವರಿಗೆ ಒಂದು ಮಾತು. ಮೂರು ಕೆಟ್ಟ ವಾಚಿನಿಂದ ಒಂದು ಓಡುವ ವಾಚು ಮಾಡಿರುತ್ತಾರೆ. ಹೇರ್‌ಸ್ಪ್ರಿಂಗ್ ಮತ್ತು ಬ್ಯಾಲೆನ್ಸ್ ವೀಲ್ ಒಂದಕ್ಕೊಂದು ಹೊಂದಿಸಿದ ಜೋಡಿ. ಜೋಡಿ ತಪ್ಪಿದರೆ ರೆಗ್ಯುಲೇಟರನ್ನು ನಿಧಾನದ ಕೊನೆಗೆ ತಂದರೂ ವಾಚು ಮುಂದೆ ಓಡುತ್ತಲೇ ಇರುತ್ತದೆ. ಅಲ್ಲಿ ಕೂತು ಒದ್ದಾಡುವುದಕ್ಕಿಂತ ಅದೇ ಮಾದರಿಯ ಬ್ಯಾಲೆನ್ಸ್ ಜೋಡಿ ಹುಡುಕುವುದೇ ವಾಸಿ.

ಚಳಿಗೆ ವಾಚು ಓಡುತ್ತದೆ ಅನ್ನುವ ಮಾತೂ ಇದೆ. ಮಾಮೂಲಿ ಉಕ್ಕಿನ ಸ್ಪ್ರಿಂಗ್ ಇದ್ದ ಕಾಲದಲ್ಲಿ ಅದು ನಿಜ. ಒಂದು ಡಿಗ್ರಿ ಇಳಿದರೆ ದಿನಕ್ಕೆ ಸುಮಾರು 10 ಸೆಕೆಂಡು ಮುಂದೆ. ಚಾರ್ಲ್ಸ್ ಎದುವಾರ್ ಗಿಯೋಮ್ ಅವರು ಬಿಸಿ ಚಳಿಗೆ ಬಗ್ಗದ ನಿಕಲ್ ಉಕ್ಕು ಕಂಡುಹಿಡಿದ ಮೇಲೆ ಈ ತೊಂದರೆ ಬಹುತೇಕ ಹೋಯಿತು. ಆ ಕೆಲಸಕ್ಕೆ 1920ರ ಭೌತಶಾಸ್ತ್ರದ ನೊಬೆಲ್ ಬಂತು. ಹಾಗಾಗಿ ಬೆಂಗಳೂರಿನ ಡಿಸೆಂಬರ್ ಚಳಿಯನ್ನು ಬೈಯುವ ಹಾಗಿಲ್ಲ.

ಇವೆಲ್ಲ ನೋಡಿ, ವಾಚು ಚೊಕ್ಕಟವಾಗಿದೆ, ದಿನಾ ಒಂದೇ ಸಮ ಮೂವತ್ತೋ ನಲವತ್ತೋ ಸೆಕೆಂಡು ಓಡುತ್ತಿದೆ ಅಂತಾದರೆ ಆಗ ರೆಗ್ಯುಲೇಟರ್ ಮುಟ್ಟಿ. ಕೆಲವು ವಾಚಿನಲ್ಲಿ ಎಫ್ ಮತ್ತು ಎಸ್ ಗುರುತು ಇರುತ್ತದೆ, ಕೆಲವದರಲ್ಲಿ ಪ್ಲಸ್ ಮತ್ತು ಮೈನಸ್, ಹಳೆಯ ಸ್ವಿಸ್ ವಾಚಿನಲ್ಲಿ ಎ ಮತ್ತು ಆರ್. ನಿಧಾನ ಮಾಡಲು ಎಸ್, ಮೈನಸ್, ಅಥವಾ ಆರ್ ಕಡೆಗೆ. ಕೆಲವು ವಾಚಿನಲ್ಲಿ ಪಕ್ಕದಲ್ಲೇ ಇನ್ನೊಂದು ಕಡ್ಡಿ ಇರುತ್ತದೆ, ಅದು ಟಿಕ್ ಮತ್ತು ಟಾಕ್ ಸಮ ಮಾಡುವುದಕ್ಕೆ. ಅದನ್ನು ಮುಟ್ಟಬೇಡಿ. ರೆಗ್ಯುಲೇಟರ್ ಸರಿದದ್ದು ಕಣ್ಣಿಗೆ ಕಂಡರೆ ಜಾಸ್ತಿ ಆಯಿತು ಅಂತಲೇ ಅರ್ಥ.

ಟೈಮ್‌ಗ್ರಾಫರ್ ಯಂತ್ರ ಇದ್ದರೆ ಫಲ ಕೂಡಲೇ ಕಾಣುತ್ತದೆ. ಅದು ಟಿಕ್ ಸದ್ದು ಕೇಳಿ ಗೆರೆ ಎಳೆಯುತ್ತದೆ. ಗೆರೆ ಮೇಲಕ್ಕೇರಿದರೆ ವಾಚು ಫಾಸ್ಟ್. ಪಕ್ಕದಲ್ಲಿ ಬರುವ ಆಂಪ್ಲಿಟ್ಯೂಡ್, ಅಂದರೆ ಚಕ್ರ ಎಷ್ಟು ತಿರುಗುತ್ತದೆ ಅನ್ನುವುದನ್ನೂ ನೋಡಿ. ಪೂರ್ತಿ ಕೀ ಕೊಟ್ಟಾಗ ಚಕ್ರ 270 ಡಿಗ್ರಿ ಆಸುಪಾಸು ತಿರುಗಿದರೆ ಚೆನ್ನ. 200ಕ್ಕಿಂತ ಕೆಳಗಿದ್ದರೆ ಮೊದಲು ಸರ್ವಿಸ್. ಯಂತ್ರ ಇಲ್ಲದಿದ್ದರೆ ಫೋನಿನ ಗಡಿಯಾರಕ್ಕೆ ಹೊಂದಿಸಿ, ದಿನಾ ಒಂದೇ ಹೊತ್ತಿಗೆ ಕೀ ಕೊಟ್ಟು, 24 ಗಂಟೆ ಬಿಟ್ಟು ವ್ಯತ್ಯಾಸ ಬರೆದಿಡಿ. ಹಿಂದೆ ಆಕಾಶವಾಣಿ ವಾರ್ತೆಗೆ ಮುಂಚಿನ ಬೀಪ್ ಕೇಳಿ ಮನೆಯವರೆಲ್ಲ ಮಾಡುತ್ತಿದ್ದ ಕೆಲಸವೇ ಇದು.

ಎಷ್ಟಕ್ಕೆ ತೃಪ್ತಿ ಪಡಬೇಕು? ಸ್ವಿಟ್ಜರ್‌ಲೆಂಡಿನ ಕ್ರೋನೋಮೀಟರ್ ಅನ್ನುವ ನಿಖರ ವಾಚುಗಳ ಪರೀಕ್ಷೆಯಲ್ಲೇ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಇರಲು ಅವಕಾಶ ಕೊಡುತ್ತಾರೆ. ನಲವತ್ತು ವರ್ಷದ ಜನತಾ ದಿನಕ್ಕೆ 20 ಸೆಕೆಂಡಿನ ಒಳಗಿದ್ದರೆ ಅದು ಬಹಳ ಒಳ್ಳೆಯ ವಾಚು. ಉಳಿದದ್ದನ್ನು ರಾತ್ರಿ ಇಡುವ ಭಂಗಿಯಲ್ಲೇ ಸರಿದೂಗಿಸಬಹುದು. ಡಯಲ್ ಮೇಲೆ ಮಾಡಿ ಒಂದು ರಾತ್ರಿ, ಕೆಳಗೆ ಮಾಡಿ ಒಂದು ರಾತ್ರಿ, ಕೀ ಮೇಲಾಗಿ ನಿಲ್ಲಿಸಿ ಒಂದು ರಾತ್ರಿ ಇಟ್ಟು ನೋಡಿ. ಯಾವುದರಲ್ಲಿ ಹಿಂದೆ ಬೀಳುತ್ತದೋ ಹಾಗೆ ಇಡಿ. ಹಗಲು ಓಡಿದ್ದು ರಾತ್ರಿ ವಾಪಸ್ ಬರುತ್ತದೆ.

ವಾಚು ತಂದವರು ಈಗ ಮುಂದೆ ಬನ್ನಿ. ಮೇಜಿನ ಮೇಲೆ ದಿಕ್ಸೂಚಿ ಇದೆ, ಅದರಿಂದಲೇ ಶುರು ಮಾಡೋಣ.