ಇದು ಯಾರ ಮಾತು? ತೀರ್ಪಿನ ನಕಲು ಓದುವ ಬಗೆ

ಕೇಳುಗರಿಗೆಲ್ಲ ನಮಸ್ಕಾರ.

ಪಾಲು ವಿಭಾಗದ ದಾವಾ. ತೀರ್ಪಿನ ನಕಲು ಮನೆಗೆ ಬಂದಿದೆ, ಮೂವತ್ತು ಪುಟ. ಎಲ್ಲರೂ ಸುತ್ತ ಕೂತಿದ್ದಾರೆ, ಕಾಲೇಜು ಓದಿದ ಹುಡುಗ ಮೊದಲ ಪುಟದಿಂದ ಗಟ್ಟಿಯಾಗಿ ಓದುತ್ತಿದ್ದಾನೆ. ಮೂರನೇ ಪುಟದಲ್ಲಿ ‘ದಾವಾ ಸ್ವತ್ತು ಪಿತ್ರಾರ್ಜಿತ. ಇದರಲ್ಲಿ ವಾದಿಗೆ ಅರ್ಧ ಪಾಲಿದೆ’ ಅಂತ ಬಂತು. ಸರಿ, ಗೆದ್ದೆವು ಅಂತ ಊರೆಲ್ಲ ಸುದ್ದಿ. ಕೊನೆಯ ಪುಟ ನೋಡಿದರೆ ದಾವಾ ವಜಾ.

ತೀರ್ಪಿನಲ್ಲಿ ತಪ್ಪಿಲ್ಲ, ಓದಿದ ಬಗೆಯಲ್ಲಿ ತಪ್ಪಿದೆ. ಮೂರನೇ ಪುಟದಲ್ಲಿದ್ದದ್ದು ವಾದಿಯ ಮಾತು. ನ್ಯಾಯಾಧೀಶರು ಅದನ್ನು ದಾವಾಪತ್ರದಿಂದ ಎತ್ತಿ ಬರೆದಿದ್ದರು, ಅಷ್ಟೇ. ಪ್ಯಾರಾದ ತಲೆಯಲ್ಲಿ ‘ವಾದಿಯ ದಾವಾದ ಸಂಕ್ಷಿಪ್ತ ವಿವರ ಹೀಗಿದೆ’ ಅಂತ ಒಂದೇ ಒಂದು ಸಾಲು ಇರುತ್ತದೆ. ಆಮೇಲೆ ಎರಡು ಪುಟ ‘ಎಂದು ವಾದಿ ಹೇಳುತ್ತಾರೆ’ ಅನ್ನುವ ಮಾತೇ ಬರುವುದಿಲ್ಲ. ಆ ಒಂದು ಸಾಲು ಕಣ್ತಪ್ಪಿದರೆ ಎರಡು ಪುಟವೂ ಕೋರ್ಟಿನ ಮಾತಿನ ಹಾಗೆ ಕೇಳಿಸುತ್ತದೆ. ಅದಕ್ಕೇ ತೀರ್ಪಿನ ಯಾವ ಸಾಲಿಗೆ ಬೆರಳಿಟ್ಟರೂ ಮೊದಲು ಕೇಳಿ: ಇದು ಯಾರ ಮಾತು?

ಸಿವಿಲ್ ತೀರ್ಪಿನಲ್ಲಿ ಏನೇನಿರಬೇಕು ಅಂತ ಕಾನೂನೇ ಹೇಳಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಆದೇಶ 20 (ಇಲ್ಲಿ ‘ಆದೇಶ’ ಅಂದರೆ ಸಂಹಿತೆಯ ಒಂದು ಭಾಗ), ನಿಯಮ 4. ಪ್ರಕರಣದ ಸಂಕ್ಷಿಪ್ತ ವಿವರ, ತೀರ್ಮಾನಿಸಬೇಕಾದ ಅಂಶಗಳು, ಅವುಗಳ ಮೇಲಿನ ತೀರ್ಮಾನ, ಆ ತೀರ್ಮಾನಕ್ಕೆ ಕಾರಣ. ಈ ನಾಲ್ಕು ಇರಲೇಬೇಕು. ನಮ್ಮ ವಿಚಾರಣಾ ಕೋರ್ಟುಗಳ ತೀರ್ಪಿನಲ್ಲಿ ಮೊದಲು ಪಕ್ಷಗಾರರ ಹೆಸರು, ಆಮೇಲೆ ವಾದಿಯ ಕಥೆ, ಪ್ರತಿವಾದಿಯ ಕಥೆ, ವಿವಾದಾಂಶಗಳು ಅಂದರೆ ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು, ಸಾಕ್ಷ್ಯದ ವಿವರ, ಪ್ರತಿ ವಿವಾದಾಂಶಕ್ಕೂ ಉತ್ತರ, ‘ಕಾರಣಗಳು’, ಕೊನೆಗೆ ‘ಆದೇಶ’. ಹಿಂದೆ ಸಾಕ್ಷಿಗಳ ಮತ್ತು ದಾಖಲೆಗಳ ಪಟ್ಟಿ.

ಓದುವುದು ಮಾತ್ರ ಈ ಕ್ರಮದಲ್ಲಿ ಬೇಡ. ದಯವಿಟ್ಟು ಬೇಡ. ಮೊದಲು ‘ಆದೇಶ’ ಓದಿ. ಆಮೇಲೆ ವಿವಾದಾಂಶ, ಅದರ ಉತ್ತರ. ‘ಸ್ವತ್ತು ಪಿತ್ರಾರ್ಜಿತವೆಂದು ವಾದಿ ರುಜುವಾತುಪಡಿಸುತ್ತಾರೆಯೇ?’ ಅಂತ ಇದ್ದರೆ ರುಜುವಾತಿನ ಹೊರೆ ವಾದಿಯ ಮೇಲಿದೆ. ‘ನಕಾರಾತ್ಮಕ’ ಅಂತ ಉತ್ತರವಿದ್ದರೆ ವಾದಿಯಿಂದ ರುಜುವಾತು ಮಾಡಲಾಗಲಿಲ್ಲ ಅಂತ ಅರ್ಥ. ಪ್ರತಿವಾದಿ ಹೇಳಿದ್ದೆಲ್ಲ ನಿಜ ಅಂತ ಅಲ್ಲ. ಮೂರನೆಯದಾಗಿ ಕಾರಣಗಳು. ಪೆನ್ಸಿಲ್ ಹಿಡಿದು ಪ್ರತಿ ಪ್ಯಾರಾದ ಅಂಚಿನಲ್ಲಿ ‘ವಾ’, ‘ಪ್ರ’, ‘ನ್ಯಾ’ ಅಂತ ಗುರುತು ಹಾಕಿ. ವಾದಿ, ಪ್ರತಿವಾದಿ, ನ್ಯಾಯಾಧೀಶರು. ‘ನ್ಯಾ’ ಬಿದ್ದ ಪ್ಯಾರಾಗಳು ಬಹಳ ಸಲ ಅರ್ಧದಷ್ಟೂ ಇರುವುದಿಲ್ಲ. ಗಮನ ಕೊಟ್ಟು ಓದಬೇಕಾದದ್ದು ಅವನ್ನೇ.

ಇದೆಲ್ಲ ಸಣ್ಣ ಕೋರ್ಟಿನ ಮಾತು ಅನ್ನಬೇಡಿ. ದೇಶದ ಅತಿ ದೊಡ್ಡ ತೀರ್ಪಿಗೂ ಇದೇ ಪ್ರಶ್ನೆ. ಕಾಸರಗೋಡಿನ ಎಡನೀರು ಮಠ ನಿಮಗೆ ಗೊತ್ತು. ಅಲ್ಲಿನ ಕೇಶವಾನಂದ ಭಾರತೀ ಸ್ವಾಮೀಜಿ ಮಠದ ಭೂಮಿಗಾಗಿ, ಕೇರಳದ ಭೂಸುಧಾರಣಾ ಕಾಯ್ದೆಯ ವಿರುದ್ಧ, 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನವನ್ನು ತಿದ್ದಲು ಸಂಸತ್ತಿಗೆ ಎಷ್ಟು ಅಧಿಕಾರವಿದೆ ಅನ್ನುವ ಪ್ರಶ್ನೆಯೂ ಅದರಲ್ಲಿ ಎದ್ದಿತು. 13 ನ್ಯಾಯಮೂರ್ತಿಗಳು ಕೂತು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಸುಮಾರು 700 ಪುಟ! ಅದೂ ಒಂದು ತೀರ್ಪಲ್ಲ, 11 ತೀರ್ಪು. ಶೆಲಟ್ ಮತ್ತು ಗ್ರೋವರ್ ಸೇರಿ ಒಂದು ಬರೆದರು. ನಮ್ಮ ಕನ್ನಡಿಗ ಕೆ.ಎಸ್. ಹೆಗ್ಡೆ ಮತ್ತು ಮುಖರ್ಜಿ ಸೇರಿ ಇನ್ನೊಂದು. ಉಳಿದ ಒಂಬತ್ತು ಮಂದಿ ಒಬ್ಬೊಬ್ಬರೇ ಬರೆದರು.

ಸಂವಿಧಾನದ ಮೂಲ ಸಂರಚನೆಯನ್ನು, ಅಂದರೆ ಅದರ ಬುನಾದಿಯಾದ ಲಕ್ಷಣಗಳನ್ನು, ಸಂಸತ್ತು ಬದಲಿಸುವಂತಿಲ್ಲ ಅಂತ ಈ ತೀರ್ಪು ಹೇಳಿತು ಅನ್ನುತ್ತೇವೆ. ಹೇಳಿದವರು ಯಾರು? ಆರು ಮಂದಿ ತಿದ್ದುಪಡಿಯ ಅಧಿಕಾರಕ್ಕೆ ಮಿತಿ ಇದೆ ಎಂದರು, ಆರು ಮಂದಿ ಇಲ್ಲ ಎಂದರು. ನಡುವೆ ನಿಂತವರು ಎಚ್.ಆರ್. ಖನ್ನಾ. ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಮೂಲ ಸಂರಚನೆಯನ್ನು ಹಾಳುಮಾಡುವ ಹಾಗಿಲ್ಲ ಎಂದರು. ಹೀಗೆ ಏಳಕ್ಕೆ ಆರು. ಕೊನೆಯಲ್ಲಿ ‘ಬಹುಮತದ ಅಭಿಪ್ರಾಯ’ ಅಂತ ಒಂದು ಚಿಕ್ಕ ಹೇಳಿಕೆ ಇದೆ, ಆರು ಅಂಶ. ಅದಕ್ಕೆ ಸಹಿ ಹಾಕಿದವರು ಒಂಬತ್ತು ಮಂದಿ. ರೇ, ಮ್ಯಾಥ್ಯೂ, ಬೇಗ್, ದ್ವಿವೇದಿ ಹಾಕಲಿಲ್ಲ. ಪಾಲೇಕರ್ ಮತ್ತು ಚಂದ್ರಚೂಡ್ ತಮ್ಮ ತಮ್ಮ ತೀರ್ಪಿನಲ್ಲಿ ಮಿತಿ ಇಲ್ಲ ಅಂತಲೇ ಬರೆದವರು, ಆದರೂ ಈ ಹೇಳಿಕೆಗೆ ಸಹಿ ಹಾಕಿದ್ದಾರೆ. ಸಹಿ ಎಣಿಸಿದರೆ ಒಂಬತ್ತು, ತೀರ್ಪು ಓದಿದರೆ ಏಳು. ಯಾರ ಮಾತು ಅಂತ ಕೇಳದೆ ಬರೀ ಕೊನೆಯ ಹಾಳೆ ನಂಬಿದರೆ ಅಲ್ಲೂ ಲೆಕ್ಕ ತಪ್ಪುತ್ತದೆ. ಅಂದಹಾಗೆ ಸ್ವಾಮೀಜಿಯವರ ಭೂಮಿಯ ಪ್ರಶ್ನೆ ಅಲ್ಲಿ ಮುಗಿಯಲಿಲ್ಲ. ಅರ್ಜಿಗಳನ್ನು ಕಾನೂನಿನಂತೆ ಇತ್ಯರ್ಥಪಡಿಸಲು ಸಂವಿಧಾನ ಪೀಠಕ್ಕೆ ಕಳಿಸಿದರು.

ಸಮಯ ಸರಿಯುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಕಾನೂನು ವರದಿಗಳಲ್ಲಿ ತೀರ್ಪಿಗೆ ಮೊದಲು ಬರುವ ಹೆಡ್‌ನೋಟ್, ಅಂದರೆ ತೀರ್ಪಿನ ಸಾರಾಂಶ, ಸಂಪಾದಕರ ಮಾತು. ಅದನ್ನು ಕೋರ್ಟಿನ ಮಾತೆಂದು ವಾದದಲ್ಲಿ ಎತ್ತಬೇಡಿ. ಕಾನೂನು ವಿದ್ಯಾರ್ಥಿಗಳೇ, ಇದು ಮುಖ್ಯವಾಗಿ ನಿಮಗೆ. ಹಳೆಯ ತೀರ್ಪಿನಿಂದ ಉದ್ಧರಿಸಿದ ಪ್ಯಾರಾಗಳನ್ನು ಎರಡೂ ಬದಿ ಜಾಗ ಬಿಟ್ಟು ಒಳಗೆ ಸರಿಸಿ ಅಚ್ಚು ಮಾಡಿರುತ್ತಾರೆ. ಅದು ಬೇರೆ ಕೋರ್ಟಿನ ಮಾತು. ಅದನ್ನು ಇಲ್ಲಿ ಒಪ್ಪಿದರೋ ಬಿಟ್ಟರೋ ಅಂತ ಅದರ ಕೆಳಗಿನ ಪ್ಯಾರಾದಲ್ಲಿ ನೋಡಬೇಕು.

ಇನ್ನು ನಕಲಿನ ಮೇಲಿರುವ ಮೊಹರು. ಅದು ನಕಲು ವಿಭಾಗದ ಮಾತು, ಅದನ್ನು ಯಾರೂ ಓದುವುದೇ ಇಲ್ಲ. ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ಅಲ್ಲಿರುತ್ತವೆ. ಸಿವಿಲ್ ಡಿಕ್ರಿಯ (ತೀರ್ಪಿನಂತೆ ಹೊರಡಿಸುವ ವಿಧ್ಯುಕ್ತ ಆದೇಶ) ಮೇಲೆ ಹೈಕೋರ್ಟಿಗೆ ಮೇಲ್ಮನವಿಯಾದರೆ 90 ದಿನ, ಬೇರೆ ಕೋರ್ಟಿಗಾದರೆ 30 ದಿನ. ಈ ಲೆಕ್ಕ ಶುರುವಾಗುವುದು ಡಿಕ್ರಿಯ ತಾರೀಖಿನಿಂದ. ನಕಲು ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ. ನಕಲು ಪಡೆಯಲು ಬೇಕಾದ ದಿನಗಳನ್ನು ಕಾನೂನು ಕಳೆದುಕೊಡುತ್ತದೆ, ಆ ದಿನಗಳಿಗೆ ಆಧಾರ ಆ ಮೊಹರೇ. ಇವತ್ತೇ ನಕಲು ತೆಗೆದು ಆ ತಾರೀಖುಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

ನಮಸ್ಕಾರ.